ಕ್ಯಾಮೆರಾ ಹಳೆಯದಾದರೂ ಸರಿ, ಲೈಟ್ ಹಳೆಯದು ಬೇಡ

ಓದುಗರ ಪ್ರಶ್ನೆ: ನಾನು ಡೊಂಬಿವಲಿ ಪೂರ್ವದವಳು. ಐದು ವರ್ಷದಿಂದ ಡಿಜಿಟಲ್‌ನಲ್ಲಿ ಮದುವೆ, ನಾಮಕರಣದ ಫೋಟೋ ತೆಗೆಯುತ್ತಿದ್ದೇನೆ. ಈಗ ಮನೆಯ ಮುಂದಿನ ಕೋಣೆಯಲ್ಲೇ ಫಿಲ್ಮ್‌ನಲ್ಲಿ ಫ್ಯಾಮಿಲಿ ಫೋಟೋ ತೆಗೆಯುವ ಸಣ್ಣ ಸ್ಟುಡಿಯೋ ಮಾಡಬೇಕು ಅಂತ ಆಸೆ. ಕೋಣೆ 10 ಅಡಿಗೆ 14 ಅಡಿ. ಕೈಯಲ್ಲಿರುವುದು ಒಂದೂವರೆ ಲಕ್ಷ. ಮುಂಬಯಿಯ ಫೋರ್ಟ್‌ನಲ್ಲಿ ಒಂದು ಮಮಿಯಾ ಆರ್‌ಬಿ 67 ಪ್ರೊ-ಎಸ್ ನೋಡಿದೆ. 90 ಎಂಎಂ ಲೆನ್ಸ್, 120 ಫಿಲ್ಮ್‌ನ ಎರಡು ಬ್ಯಾಕ್ (ಫಿಲ್ಮ್ ತುಂಬಿ ಕ್ಯಾಮೆರಾ ಹಿಂದೆ ಸಿಕ್ಕಿಸುವ ಡಬ್ಬಿ), 220ರ ಒಂದು ಬ್ಯಾಕ್, ಒಂದು ಪೋಲರಾಯ್ಡ್ ಬ್ಯಾಕ್, ಎಲ್ಲ ಸೇರಿ 85 ಸಾವಿರ ಹೇಳುತ್ತಾರೆ. ಲೆನ್ಸ್‌ನಲ್ಲಿ ಸ್ವಲ್ಪ ಫಂಗಸ್ ಇದೆ, ಫೋಟೋಗೆ ಏನೂ ಆಗಲ್ಲ ಅನ್ನುತ್ತಾರೆ. ಗೆಳತಿ ಮಾತ್ರ, ಅದನ್ನು ಮನೆಗೆ ತಂದರೆ ಇರುವ ಲೆನ್ಸ್‌ಗಳಿಗೂ ಹರಡುತ್ತದೆ ಎಂದು ಹೆದರಿಸಿದ್ದಾಳೆ. ಇನ್ನೊಂದು ಕಡೆ, ಪುಣೆಯಲ್ಲಿ 6 ವರ್ಷದ ಹಿಂದೆ ಮುಚ್ಚಿದ ಸ್ಟುಡಿಯೋ ಒಂದರ ಸಾಮಾನು ಮಾರಾಟಕ್ಕಿದೆ. 1200 ವ್ಯಾಟ್‌ನ ಎರಡು ಪವರ್ ಪ್ಯಾಕ್ (ಫ್ಲಾಶ್‌ಗೆ ಕರೆಂಟ್ ತುಂಬಿಡುವ ಪೆಟ್ಟಿಗೆ), ನಾಲ್ಕು ಹೆಡ್ (ಬೆಳಕು ಬರುವ ಭಾಗ), ಸ್ಟ್ಯಾಂಡ್‌ಗಳು, 40 ಸಾವಿರಕ್ಕೆ. ಫಿಲ್ಮ್‌ಗೆ ಬೆಳಕು ಜಾಸ್ತಿ ಬೇಕು, ಸಣ್ಣ ಲೈಟ್ ಸಾಲದು ಅಂತಾರೆ. ನಿಜವಾ? ಎರಡನ್ನೂ ತಗೊಳ್ಳಲಾ? ಇಷ್ಟೂ ನನ್ನ ಉಳಿತಾಯದ ದುಡ್ಡು, ಮೋಸ ಹೋಗುವ ಭಯ ಇದೆ. (ಅಪ್ಪ ಕುಂದಾಪುರದಲ್ಲಿ ಸ್ಟುಡಿಯೋ ನಡೆಸುತ್ತಿದ್ದರು. ಅವರ ಯಾಶಿಕಾ-ಡಿ ಕಪಾಟಿನಲ್ಲಿದೆ, ಸುಮ್ನೆ ನೆನಪಿಗೆ ಇಟ್ಟುಕೊಂಡಿದ್ದೇವೆ.)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆವರಣದೊಳಗೆ ಹಾಕಿದ ಕೊನೆಯ ಎರಡು ಸಾಲೇ ನನಗೆ ಮುಖ್ಯ ಅನ್ನಿಸಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೇರ ಉತ್ತರ. ಪುಣೆಯ ಪವರ್ ಪ್ಯಾಕ್ ಬೇಡ. ಫೋರ್ಟ್‌ನ ಮಮಿಯಾ ಬೇಕಾದರೆ ತಗೊಳ್ಳಬಹುದು, ಆದರೆ ಆ ಬೆಲೆಗಲ್ಲ, ಮತ್ತು ಒಂದು ರೋಲ್ ಹೊಡೆದು ನೋಡದೆ ಅಲ್ಲ. ಮೂವತ್ತು ವರ್ಷದಿಂದ ದಾದರ್‌ನಲ್ಲಿ ಸ್ಟುಡಿಯೋ ನಡೆಸಿ, ಹಳೆಯ ಸಾಮಾನು ಕೊಂಡು, ಮಾರಿ, ರಿಪೇರಿ ಮಾಡಿಸಿ ನನಗೆ ಗಟ್ಟಿಯಾದ ನಂಬಿಕೆ ಒಂದಿದೆ. ಕ್ಯಾಮೆರಾ ಐವತ್ತು ವರ್ಷ ಹಳೆಯದಾದರೂ ಪರವಾಗಿಲ್ಲ, ಲೈಟ್ ಮಾತ್ರ ಹೊಸ ಕಾಲದ್ದೇ ಇರಬೇಕು. ಕ್ಯಾಮೆರಾದ ಒಳಗಿರುವುದು ಸ್ಪ್ರಿಂಗ್, ಗೇರ್, ಗಾಜು. ಅವು ಹಾಳಾದರೆ ಕಣ್ಣಿಗೆ ಕಾಣುತ್ತವೆ, ಕಿವಿಗೆ ಕೇಳುತ್ತವೆ, ರಿಪೇರಿಯೂ ಆಗುತ್ತವೆ. ಲೈಟಿನೊಳಗೆ ಕೆಪಾಸಿಟರ್ ಇರುತ್ತದೆ. ಅದು ಒಳಗೊಳಗೇ ಸಾಯುತ್ತದೆ, ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇರುತ್ತದೆ.

ಫಿಲ್ಮ್‌ಗೆ ಬೆಳಕು ಜಾಸ್ತಿ ಬೇಕು ಅನ್ನುವ ಮಾತನ್ನು ಮೊದಲು ಬಿಡಿಸೋಣ. ಬೆಳಕಿಗೆ ಎಷ್ಟು ಚುರುಕು ಅನ್ನುವ ಅಳತೆ ಐಎಸ್‌ಒ. ಐಎಸ್‌ಒ 400 ಅಂದರೆ ಫಿಲ್ಮ್‌ನಲ್ಲೂ 400, ಡಿಜಿಟಲ್‌ನಲ್ಲೂ 400. ಹೆಚ್ಚುಕಮ್ಮಿ ಅಷ್ಟೇ ಬೆಳಕು ಸಾಕು. ಆದರೆ ಈ ಮಾತು ಪೂರ್ತಿ ಸುಳ್ಳೂ ಅಲ್ಲ. ಮಮಿಯಾದ 6x7 ಸೆಂಟಿಮೀಟರ್ ನೆಗೆಟಿವ್ ದೊಡ್ಡದು, ಅದಕ್ಕೆ ಲೆನ್ಸ್ ಉದ್ದ, ಹಾಗಾಗಿ ಫೋಕಸ್‌ನ ಆಳ ಕಮ್ಮಿ. ನಿಮ್ಮ ಫುಲ್ ಫ್ರೇಮ್ ಡಿಜಿಟಲ್‌ನಲ್ಲಿ ಎಫ್ 5.6ರಲ್ಲಿ (ಎಫ್ ಅಂದರೆ ಲೆನ್ಸ್‌ನ ಕಿಂಡಿ, ಅಪರ್ಚರ್‌ನ ಅಳತೆ; ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಅಜ್ಜ, ಮೊಮ್ಮಗು ಇಬ್ಬರೂ ಶಾರ್ಪ್ ಬಂದರೆ, 6x7ರಲ್ಲಿ ಅದೇ ಆಳಕ್ಕೆ ಎಫ್ 11 ಬೇಕು. ಅಂದರೆ ಎರಡು ಸ್ಟಾಪ್ ಜಾಸ್ತಿ ಬೆಳಕು, ಒಂದೊಂದು ಸ್ಟಾಪ್‌ಗೂ ಬೆಳಕು ದುಪ್ಪಟ್ಟು. ಹಿಂದಿನವರು ಐಎಸ್‌ಒ 100ರ ಫಿಲ್ಮ್ ಹಾಕಿ, ಎಫ್ 16ಕ್ಕೆ ಮುಚ್ಚಿ, ಹತ್ತು ಹದಿನೈದು ಜನರ ಗ್ರೂಪ್ ಹೊಡೆಯುತ್ತಿದ್ದರು. ಅವರಿಗೆ 1200 ಬೇಕೇ ಬೇಕಿತ್ತು. ನೀವು ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೊಡಾಕ್ ಪೋರ್ಟ್ರಾ 400 ಹಾಕಿದರೆ ಕಳೆದ ಎರಡು ಸ್ಟಾಪ್ ಅಲ್ಲೇ ವಾಪಸ್ ಬಂತು.

ಇನ್ನೊಂದು ಲೆಕ್ಕ ನೋಡಿ. ಲೈಟಿನ ಶಕ್ತಿ ದುಪ್ಪಟ್ಟಾದರೆ ಸಿಗುವುದು ಒಂದೇ ಸ್ಟಾಪ್. 300ರಿಂದ 600ಕ್ಕೆ ಒಂದು, 600ರಿಂದ 1200ಕ್ಕೆ ಇನ್ನೊಂದು. ನಿಮ್ಮ 14 ಅಡಿ ಕೋಣೆಯಲ್ಲಿ ಸಾಫ್ಟ್‌ಬಾಕ್ಸ್ (ಬೆಳಕು ಮೆತ್ತಗೆ ಮಾಡಲು ಲೈಟಿಗೆ ಹಾಕುವ ಬಟ್ಟೆಯ ಪೆಟ್ಟಿಗೆ) ಮುಖದಿಂದ ಐದಾರು ಅಡಿ ದೂರದಲ್ಲಿರುತ್ತದೆ, ಅದಕ್ಕಿಂತ ಹಿಂದೆ ಹೋಗಲು ಜಾಗವೇ ಇಲ್ಲ. ಅಷ್ಟು ಹತ್ತಿರದಲ್ಲಿ 300 ವ್ಯಾಟ್-ಸೆಕೆಂಡ್‌ನ ಒಂದು ಲೈಟ್ ಐಎಸ್‌ಒ 400ಕ್ಕೆ ಎಫ್ 11 ಸಲೀಸಾಗಿ ಕೊಡುತ್ತದೆ. ಅಲ್ಲಿ 1200ರ ಪ್ಯಾಕ್ ಇಟ್ಟರೆ ತೊಂದರೆ ಉಲ್ಟಾ ಆಗುತ್ತದೆ. ಎಷ್ಟು ಕಮ್ಮಿ ಮಾಡಿದರೂ ಬೆಳಕು ಜಾಸ್ತಿಯೇ.

ಈಗ ಅಪಾಯದ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಒಂದು ವ್ಯಾಟ್-ಸೆಕೆಂಡ್ ಅಂದರೆ ಒಂದು ಜೌಲ್. ಹೃದಯ ನಿಂತವರಿಗೆ ಆಸ್ಪತ್ರೆಯಲ್ಲಿ ಎದೆಗೆ ಕೊಡುವ ಶಾಕ್ ಇದೆಯಲ್ಲ, ಅದು ಹೆಚ್ಚೆಂದರೆ 360 ಜೌಲ್. ನೀವು ನೋಡಿರುವ ಒಂದೊಂದು ಪ್ಯಾಕ್‌ನಲ್ಲೂ ತುಂಬಿಕೊಳ್ಳುವುದು 1200 ಜೌಲ್, ಅದೂ ನೂರಾರು ವೋಲ್ಟ್‌ನಲ್ಲಿ. ಅಷ್ಟನ್ನು ಹಿಡಿದಿಟ್ಟುಕೊಳ್ಳುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಅದರೊಳಗೆ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಆಕ್ಸೈಡ್‌ನ ತೆಳು ಪದರ. ಕರೆಂಟ್ ಹರಿಯದಂತೆ ತಡೆಯುವುದು ಆ ಪದರವೇ. ದಿನಾ ಬಳಸಿದರೆ ಅದು ಗಟ್ಟಿಯಾಗಿರುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದರೆ ಸವೆಯುತ್ತದೆ. ಆಮೇಲೆ ಒಂದು ದಿನ ಯಾರೋ ಪ್ಲಗ್ ಹಾಕಿ, ಫುಲ್ ಪವರ್‌ಗೆ ತಿರುಗಿಸುತ್ತಾರೆ. ಪದರ ತಡೆಯುವುದಿಲ್ಲ, ಕರೆಂಟ್ ಸೋರುತ್ತದೆ, ಒಳಗಿನ ದ್ರವ ಕುದಿಯುತ್ತದೆ.

ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಬಹಳ ವರ್ಷದ ಹಿಂದೆ, ಮುಚ್ಚಿದ ಸ್ಟುಡಿಯೋ ಒಂದರಿಂದ ಇಂಥದ್ದೇ ಪ್ಯಾಕ್ ಅಗ್ಗಕ್ಕೆ ತಂದೆ. ಮಾರುವವರ ಎದುರಿಗೆ ಎರಡು ಸಲ ಫ್ಲಾಶ್ ಆಯ್ತು, ಖುಷಿಯಾಗಿ ಟ್ಯಾಕ್ಸಿಗೆ ಹಾಕಿಕೊಂಡು ಬಂದೆ. ಮಾರನೇ ದಿನ ಫುಲ್ ಪವರ್‌ನಲ್ಲಿ ಹತ್ತು ನಿಮಿಷ ಓಡಿಸಿದೆ. ಮೊದಲು ಮೀನು ಹಾಳಾದ ಹಾಗೆ ಒಂಥರಾ ವಾಸನೆ ಬಂತು. ಏನಪ್ಪಾ ಇದು ಅಂತ ಬಗ್ಗಿ ನೋಡುವಷ್ಟರಲ್ಲಿ ಢಬ್ ಅಂತ ಸದ್ದು. ಬಿಳಿ ಹೊಗೆ ಸ್ಟುಡಿಯೋ ತುಂಬಿತು. ಪ್ಯಾಕ್‌ನ ತಗಡಿನ ಪಕ್ಕ ಹೊರಗೆ ಉಬ್ಬಿಕೊಂಡಿತ್ತು. ಆಗ ಪಕ್ಕದಲ್ಲಿ ಗಿರಾಕಿಯ ಮಗು ಕೂತಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚನೆ ಬರುತ್ತದೆ. ನಿಮ್ಮದು ಮನೆಯ ಕೋಣೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಬಹಳ ದಿನ ಬಿದ್ದಿದ್ದ ಪ್ಯಾಕ್‌ಗೆ ಮತ್ತೆ ಜೀವ ತುಂಬುವ ಕ್ರಮ ಇದೆ. ತೀರಾ ಕಮ್ಮಿ ಪವರ್‌ನಲ್ಲಿ ಕೆಲವು ಗಂಟೆ ಆನ್ ಮಾಡಿ ಬಿಡುವುದು, ಆಗಾಗ ಫ್ಲಾಶ್ ಮಾಡುವುದು, ನಿಧಾನಕ್ಕೆ ಮೇಲೇರಿಸುವುದು. ಕೆಲವು ಸಲ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಒಂದೆರಡು ವರ್ಷ ಬಿದ್ದಿದ್ದಕ್ಕೆ ಇದು ಸರಿ. ಆರು ವರ್ಷ ಬಿದ್ದಿರುವ, ಅದಕ್ಕೂ ಮೊದಲು ಎಷ್ಟು ವರ್ಷ ದುಡಿದಿದೆಯೋ ಗೊತ್ತಿಲ್ಲದ ಪ್ಯಾಕ್‌ಗೆ ನಾನು ಈ ಪ್ರಯೋಗ ಮಾಡಲ್ಲ, ನಿಮಗೂ ಮಾಡಿ ಅನ್ನಲ್ಲ. ಲೋಕಲ್ ಎಲೆಕ್ಟ್ರಿಷಿಯನ್ ಕೈಯಲ್ಲಿ ಅದನ್ನು ಬಿಚ್ಚಿಸಲೂ ಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ.

ಹಳೆಯ ಪ್ಯಾಕ್‌ನಲ್ಲಿ ಇನ್ನೊಂದು ಗುಟ್ಟಿನ ತೊಂದರೆ ಇದೆ. ಕ್ಯಾಮೆರಾದಿಂದ ಲೈಟಿಗೆ ಹೋಗುವ ಸಿಂಕ್ ವೈರ್‌ನಲ್ಲಿ ಕೆಲವು ಹಳೆಯ ಲೈಟ್‌ಗಳು 200 ವೋಲ್ಟ್‌ಗೂ ಮೇಲೆ ಇಟ್ಟುಕೊಂಡಿರುತ್ತವೆ. ಮೆಕ್ಯಾನಿಕಲ್ ಕ್ಯಾಮೆರಾ ಅದನ್ನು ತಡೆದುಕೊಳ್ಳಬಹುದು, ನಿಮ್ಮ ಬೆರಳಿಗೆ ಮಾತ್ರ ಚುರುಕ್ ಅನ್ನುತ್ತದೆ. ಫಿಲ್ಮ್‌ಗೆ ಮೊದಲು ಬೆಳಕು ನೋಡಲು ನೀವು ಡಿಜಿಟಲ್ ಕ್ಯಾಮೆರಾ ಸಿಕ್ಕಿಸಿಯೇ ಸಿಕ್ಕಿಸುತ್ತೀರಿ. ಆಗ ಅದರ ಸರ್ಕ್ಯೂಟ್ ಸುಟ್ಟು ಹೋಗಬಹುದು. ಯಾವ ಹಳೆಯ ಲೈಟ್ ಆದರೂ ವೈರ್ ನೇರ ಸಿಕ್ಕಿಸಬೇಡಿ. ನಡುವೆ ವೈರ್ ಇಲ್ಲದೆ ಫ್ಲಾಶ್ ಮಾಡಿಸುವ ಒಂದು ರೇಡಿಯೋ ಟ್ರಿಗರ್ ಇರಲಿ.

ಹಾಗಾದರೆ ಪುಣೆಗೆ ಹೋಗುವುದೇ ಬೇಡವಾ? ಹೋಗಿ. ಅಲ್ಲಿ ನಿಮಗೆ ಬೇಕಾದದ್ದು ಇದೆ. ಲೈಟ್ ಸ್ಟ್ಯಾಂಡ್, ಬೂಮ್, ಬ್ಯಾಕ್‌ಗ್ರೌಂಡ್ ಹಾಕುವ ಕಂಬಿ, ರಿಫ್ಲೆಕ್ಟರ್, ಕಪ್ಪು ಪರದೆ, ಕೂರುವ ಸ್ಟೂಲ್. ಹಳೆಯ ಸ್ಟುಡಿಯೋಗಳ ಸ್ಟ್ಯಾಂಡ್ ಈಗ ಸಿಗುವ ತೆಳು ಪೈಪಿನದಲ್ಲ, ಮಗು ಎಡವಿದರೂ ಬೀಳಲ್ಲ. ಪ್ಯಾಕ್ ಬಿಟ್ಟು ಉಳಿದದ್ದಕ್ಕೆ ಎಷ್ಟು ಅಂತ ಕೇಳಿ. ಕಬ್ಬಿಣ ತನ್ನಿ, ಕರೆಂಟಿನ ಸಾಮಾನು ಅಲ್ಲೇ ಬಿಡಿ.

ಲೈಟಿಗೆ ನನ್ನ ಸಲಹೆ ಹೀಗೆ. ನಾಲ್ಕೈದು ವರ್ಷದೊಳಗಿನ, ಈಗಲೂ ಬಳಕೆಯಲ್ಲಿರುವ ಎರಡು ಮೊನೋಲೈಟ್. ಮೊನೋಲೈಟ್ ಅಂದರೆ ಪ್ಯಾಕ್, ಹೆಡ್ ಎರಡೂ ಒಂದೇ ಡಬ್ಬಿಯಲ್ಲಿ. ತಲಾ 300ರಿಂದ 400 ವ್ಯಾಟ್-ಸೆಕೆಂಡ್ ಸಾಕು. ಗೊಡಾಕ್ಸ್ ಕಂಪನಿಯವು ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳ ಸಿಗುತ್ತವೆ. ಎಲಿನ್‌ಕ್ರೋಮ್, ಪ್ರೊಫೋಟೋ ಇನ್ನೂ ಒಳ್ಳೆಯವು, ಆದರೆ ಅವುಗಳ ಸಾಫ್ಟ್‌ಬಾಕ್ಸ್ ರಿಂಗ್ ಬೇರೆ ಬೇರೆ, ಬಿಡಿಭಾಗ ದುಬಾರಿ. ಬೋವೆನ್ಸ್ ಕಂಪನಿ 2017ರಲ್ಲಿ ಬಾಗಿಲು ಹಾಕಿತು. ಆದರೂ ಅವರು ಮಾಡಿದ ಮೌಂಟ್, ಅಂದರೆ ಸಾಫ್ಟ್‌ಬಾಕ್ಸ್ ಸಿಕ್ಕಿಸುವ ರಿಂಗ್, ಎಲ್ಲರೂ ಹಿಡಿದುಕೊಂಡಿದ್ದಾರೆ. ಬೋವೆನ್ಸ್ ಮೌಂಟ್ ಇರುವ ಲೈಟ್ ತಗೊಂಡರೆ ಯಾವ ಅಂಗಡಿಯ ಸಾಫ್ಟ್‌ಬಾಕ್ಸ್ ಆದರೂ ಕೂರುತ್ತದೆ. ಬೋವೆನ್ಸ್‌ನ ಹಳೆಯ ಲೈಟ್ ಮಾತ್ರ ಈಗ ತಗೊಳ್ಳಬೇಡಿ, ಟ್ಯೂಬ್ ಹೋದರೆ ಹುಡುಕಾಟವೇ.

ನೋಡಲು ಹೋದಾಗ ಫ್ಲಾಶ್‌ನ ಬೆಳಕು ಅಳೆಯುವ ಫ್ಲಾಶ್ ಮೀಟರ್ ಒಯ್ಯಿರಿ, ಇಲ್ಲದಿದ್ದರೆ ಬಾಡಿಗೆಗೆ ತನ್ನಿ. ಲೈಟ್ ಫುಲ್ ಪವರ್‌ಗೆ ಇಟ್ಟು, ಒಂದೇ ಜಾಗದಿಂದ, ಪ್ರತಿ ಸಲ ಪೂರ್ತಿ ಚಾರ್ಜ್ ಆಗಲು ಬಿಟ್ಟು, ಇಪ್ಪತ್ತು ಸಲ ಹೊಡೆಯಿರಿ. ರೀಡಿಂಗ್ ಸ್ಟಾಪ್‌ನ ಹತ್ತನೇ ಒಂದೆರಡು ಭಾಗ ಅತ್ತಿತ್ತ ಆದರೆ ಚಿಂತೆ ಇಲ್ಲ. ಒಂದು ಸಲ ಎಫ್ 11, ಇನ್ನೊಂದು ಸಲ ಎಫ್ 8 ಬಂದರೆ ಬೇಡ. ಡಿಜಿಟಲ್‌ನಲ್ಲಾದರೆ ನೋಡಿ ಸರಿ ಮಾಡಬಹುದು, ಫಿಲ್ಮ್‌ನಲ್ಲಿ ಗೊತ್ತಾಗುವುದು ಡೆವಲಪ್ ಆದ ಮೇಲೆ. ಫ್ಲಾಶ್ ಟ್ಯೂಬಿನ ತುದಿಗಳು ಹೊಗೆ ಹಿಡಿದ ಚಿಮಣಿ ಥರ ಕಪ್ಪಾಗಿದ್ದರೆ ಅದು ಬಹಳ ದುಡಿದಿದೆ ಅಂತ ಅರ್ಥ. ವಿದೇಶದಿಂದ ಬಂದದ್ದಾದರೆ ತಳದ ಲೇಬಲ್ ಓದಿ. ಅಮೆರಿಕದ 120 ವೋಲ್ಟ್, ಜಪಾನಿನ 100 ವೋಲ್ಟ್ ಲೈಟನ್ನು ನಮ್ಮ 230ಕ್ಕೆ ಸಿಕ್ಕಿಸಿದರೆ ಅಲ್ಲಿಗೇ ಮುಗಿಯಿತು. ಮನೆಯ ಪ್ಲಗ್‌ನಲ್ಲಿ ಅರ್ಥಿಂಗ್ ಇದೆಯಾ ಅಂತಲೂ ಒಮ್ಮೆ ಚೆಕ್ ಮಾಡಿಸಿ. ಹಳೆಯ ಬಿಲ್ಡಿಂಗ್‌ಗಳಲ್ಲಿ ಮೂರನೇ ತೂತು ಇರುತ್ತದೆ, ಹಿಂದೆ ವೈರ್ ಇರುವುದಿಲ್ಲ.

ಇನ್ನು ಕ್ಯಾಮೆರಾ.

ಫ್ಲಾಶ್ ಜೊತೆ ಕೆಲಸ ಮಾಡುವವರು ಮೊದಲು ಕೇಳಬೇಕಾದದ್ದು ಹೆಸರಲ್ಲ, ಶಟರ್ ಯಾವುದು ಅಂತ. ಲೆನ್ಸ್ ಒಳಗೇ ಎಲೆಗಳ ಹಾಗೆ ತೆರೆಯುವ ಲೀಫ್ ಶಟರ್ ಇದ್ದರೆ ಯಾವ ಸ್ಪೀಡ್‌ನಲ್ಲಾದರೂ ಫ್ಲಾಶ್ ಸಿಂಕ್ ಆಗುತ್ತದೆ, ಅಂದರೆ ಶಟರ್ ಪೂರ್ತಿ ತೆರೆದಿರುವಾಗಲೇ ಮಿಂಚುತ್ತದೆ. ಆರ್‌ಬಿ 67ರಲ್ಲಿ 1/400ವರೆಗೆ, ಹ್ಯಾಸಲ್‌ಬ್ಲಾಡ್ 500 ಸಿ/ಎಂ ಮತ್ತು ಬ್ರೋನಿಕಾ ಎಸ್‌ಕ್ಯೂ-ಎಯಲ್ಲಿ 1/500ವರೆಗೆ. ಫಿಲ್ಮ್ ಮುಂದೆ ಪರದೆ ಓಡುವ ಫೋಕಲ್ ಪ್ಲೇನ್ ಶಟರ್ ಆದರೆ ಸಿಂಕ್ ನಿಧಾನ. ಮಮಿಯಾ 645ರಲ್ಲಿ 1/60, ಪೆಂಟಾಕ್ಸ್ 67ರಲ್ಲಿ 1/30. ಕತ್ತಲೆ ಸ್ಟುಡಿಯೋದಲ್ಲಿ ಅದರಿಂದ ತೊಂದರೆ ಇಲ್ಲ. ನಿಮ್ಮದು ಮುಂದಿನ ಕೋಣೆ, ಕಿಟಕಿ ಇದ್ದೇ ಇರುತ್ತದೆ. ಹಗಲು ಹೊತ್ತು 1/30ರಲ್ಲಿ ಕಿಟಕಿಯ ಬೆಳಕೂ ಫಿಲ್ಮ್ ಮೇಲೆ ಬೀಳುತ್ತದೆ, ಅಲುಗಾಡಿದ ಮಗುವಿನ ಕೈ ಎರಡೆರಡು ಕಾಣುತ್ತದೆ. ಹಾಗಾಗಿ ಲೀಫ್ ಶಟರ್ ನೋಡಿ.

ಈ ಲೆಕ್ಕದಲ್ಲಿ ಆರ್‌ಬಿ 67 ಒಳ್ಳೆಯ ಆಯ್ಕೆ. 1970ರಲ್ಲಿ ಬಂದ ಕ್ಯಾಮೆರಾ, ನೀವು ನೋಡಿದ ಪ್ರೊ-ಎಸ್ 1974ರದು. ಪೂರ್ತಿ ಮೆಕ್ಯಾನಿಕಲ್. ಬ್ಯಾಟರಿಯೇ ಇಲ್ಲ. ಇದರ ತಮ್ಮ ಆರ್‌ಝಡ್ 67, ಹಾಗೇ ಬ್ರೋನಿಕಾ, ಇವೆಲ್ಲ ಎಲೆಕ್ಟ್ರಾನಿಕ್. ಚೆನ್ನಾಗಿ ನಡೆಯುತ್ತವೆ, ಆದರೆ ಸರ್ಕ್ಯೂಟ್ ಹೋದರೆ ಇನ್ನೊಂದು ಸತ್ತ ಕ್ಯಾಮೆರಾದಿಂದ ಭಾಗ ತೆಗೆದು ಹಾಕಬೇಕು. ಹ್ಯಾಸಲ್‌ಬ್ಲಾಡ್ ಚೆಂದದ ಕ್ಯಾಮೆರಾ, ನನಗೂ ಪ್ರೀತಿ. ಆದರೆ ಹೆಸರಿಗೇ ಅರ್ಧ ದುಡ್ಡು ಹೋಗುತ್ತದೆ. ಜೊತೆಗೆ ಲೆನ್ಸ್, ಬಾಡಿ ಎರಡೂ ಕಾಕ್ ಆಗಿರುವಾಗಲೇ, ಅಂದರೆ ಸ್ಪ್ರಿಂಗ್ ಎಳೆದು ಹೊಡೆಯಲು ತಯಾರಿರುವಾಗಲೇ, ಜೋಡಿಸಬೇಕು. ಗೊತ್ತಿಲ್ಲದೆ ಮಾಡಿದರೆ ಜಾಮ್, ಅದನ್ನು ಬಿಡಿಸುವುದು ಕಲಿತವರ ಕೆಲಸ.

ಆರ್‌ಬಿಯ ಕಷ್ಟವನ್ನೂ ಹೇಳಬೇಕು. ಲೆನ್ಸ್, ಬ್ಯಾಕ್ ಸೇರಿ ಎರಡೂವರೆ ಕಿಲೋ ದಾಟುತ್ತದೆ. ಕತ್ತಿಗೆ ಹಾಕಿಕೊಂಡು ಲೋಕಲ್ ಟ್ರೇನಿನಲ್ಲಿ ಓಡಾಡುವುದಲ್ಲ, ಸ್ಟ್ಯಾಂಡ್ ಮೇಲೆ ಕೂರಿಸುವುದು. ಒಂದು 120 ರೋಲ್‌ಗೆ 10 ಫೋಟೋ ಮಾತ್ರ. ಫೋಕಸ್‌ಗೆ ಲೆನ್ಸ್ ಹಿಂದಿನ ಮಡಿಕೆ ಚೀಲ, ಬೆಲ್ಲೋಸ್, ಮುಂದೆ ಎಳೆದಷ್ಟೂ ಫಿಲ್ಮ್‌ಗೆ ಬೆಳಕು ಕಮ್ಮಿ ಆಗುತ್ತದೆ, ಫ್ಲಾಶ್ ಮೀಟರ್‌ಗೆ ಅದು ಗೊತ್ತಾಗಲ್ಲ. ಹತ್ತಿರದ ಮುಖದ ಫೋಟೋಗೆ ಬಾಡಿಯ ಪಕ್ಕದಲ್ಲಿರುವ ಸ್ಕೇಲ್ ನೋಡಿ ಅಪರ್ಚರ್ ತೆರೆಯಬೇಕು. ಹೊಸಬರ ನೆಗೆಟಿವ್ ತೆಳುವಾಗುವುದು ಇಲ್ಲೇ. ಬಹಳ ಸಲ ಬೈಗುಳ ತಿನ್ನುವುದು ಲ್ಯಾಬ್.

ಫೋರ್ಟ್‌ನವರು ಹೇಳಿದ 85 ಸಾವಿರದಲ್ಲಿ ನಿಮಗೆ ಉಪಯೋಗಕ್ಕೆ ಬಾರದ್ದು ಎಷ್ಟಿದೆ ನೋಡಿ. ಪೋಲರಾಯ್ಡ್ ಬ್ಯಾಕ್‌ಗೆ ಹಾಕುವ ಫ್ಯೂಜಿ ಎಫ್‌ಪಿ-100ಸಿ ಫಿಲ್ಮ್ 2016ರಲ್ಲಿ ನಿಂತಿತು. ಅದು ಈಗ ಶೋಕೇಸಿಗೆ ಮಾತ್ರ. 220 ಅಂದರೆ 120ರ ಎರಡರಷ್ಟು ಉದ್ದದ ಫಿಲ್ಮ್, ಅದೂ ಹೆಚ್ಚುಕಮ್ಮಿ ಮಾಯವಾಗಿದೆ. ಈ ಎರಡೂ ಬ್ಯಾಕ್ ಬೇಡ, ಬೆಲೆ ಇಳಿಸಿ ಅನ್ನಿ. ಸೆಟ್ ದೊಡ್ಡದು ಕಂಡರೆ ಬೆಲೆ ಸರಿ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ಅವನ್ನು ಜೊತೆಗೆ ಇಡುತ್ತಾರೆ.

ಫಂಗಸ್ ಬಗ್ಗೆ ಅಂಗಡಿಯವರ ಮಾತೂ ಅರ್ಧ, ಗೆಳತಿಯ ಮಾತೂ ಅರ್ಧ. ಫಂಗಸ್‌ನ ಬೀಜ ಗಾಳಿಯಲ್ಲೇ ಇದೆ. ನಿಮ್ಮ ಮನೆಯಲ್ಲಿ, ನನ್ನ ಸ್ಟುಡಿಯೋದಲ್ಲಿ, ಎಲ್ಲ ಕಡೆ. ಒಂದು ಲೆನ್ಸ್‌ನಿಂದ ಇನ್ನೊಂದಕ್ಕೆ ಹಾರಿ ಅಂಟುವ ರೋಗ ಅಲ್ಲ ಅದು. ಅದಕ್ಕೆ ಬೇಕಾದದ್ದು ತೇವ, ಕತ್ತಲೆ, ಆಡದ ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಈ ಮೂರೂ ಪುಕ್ಕಟೆ. ಹಳೆಯವರು ಕ್ಯಾಮೆರಾವನ್ನು ಚರ್ಮದ ಕೇಸಿಗೆ ಹಾಕಿ, ಕಬ್ಬಿಣದ ಕಪಾಟಿನೊಳಗೆ ಭದ್ರ ಮಾಡುತ್ತಿದ್ದರು. ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಚರ್ಮ ನೀರು ಹೀರಿಕೊಂಡು ಕೂರುತ್ತದೆ. ಅಕ್ಕಿ ಡಬ್ಬಿಯಲ್ಲಿ ಇಡುವವರೂ ಇದ್ದಾರೆ, ಧೂಳು ಮತ್ತು ಹುಳ ಬರುವುದು ಬಿಟ್ಟರೆ ಏನೂ ಆಗಲ್ಲ. ತೇವ 40ರಿಂದ 50 ಶೇಕಡದಲ್ಲಿ ನಿಲ್ಲಿಸುವ ಡ್ರೈ ಕ್ಯಾಬಿನೆಟ್ ಒಂದು ಕೊಳ್ಳಿ. ಅದಾಗದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್. ಒಂದೂವರೆ ಲಕ್ಷದಲ್ಲಿ ಮೊದಲು ತೆಗೆದಿಡಬೇಕಾದ ದುಡ್ಡು ಇದೇ.

ಈಗಾಗಲೇ ಬಂದ ಫಂಗಸ್‌ಗೆ ಒಂದೇ ಪ್ರಶ್ನೆ. ಗಾಜಿನ ಮೇಲೆ ಕೂತಿದೆಯಾ, ಗಾಜನ್ನು ತಿಂದಿದೆಯಾ? ಲೆನ್ಸ್ ಕಳಚಿ, ಶಟರ್ ತೆರೆದಿಟ್ಟು, ಅಪರ್ಚರ್ ಪೂರ್ತಿ ತೆಗೆದು, ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ನೇರ ಕಣ್ಣಿಗೆ ಬೀಳಬಾರದು, ಸ್ವಲ್ಪ ಓರೆ ಇರಲಿ. ಅಂಚಿನಲ್ಲಿ ಜೇಡನ ಎಳೆಯಂಥ ನಾಲ್ಕು ಗೆರೆ ಕಂಡರೆ ಕ್ಲೀನ್ ಆಗುತ್ತದೆ, ಭಯ ಬೇಡ. ನಡುವೆ ಹರಡಿ, ಮಂಜು ಹಿಡಿದ ಕಿಟಕಿ ಥರ ಕಂಡರೆ ಕೋಟಿಂಗ್ ಹೋಗಿರಬಹುದು. ಅದನ್ನು ಯಾರೂ ವಾಪಸ್ ತರಲಾರರು. ಕಪ್ಪು ಬ್ಯಾಕ್‌ಗ್ರೌಂಡ್ ಮುಂದೆ ತೆಗೆದ ಫೋಟೋದಲ್ಲಿ ಕಪ್ಪು ಬೂದಿಯಾಗುತ್ತದೆ. ಫೋಟೋಗೆ ಏನೂ ಆಗಲ್ಲ ಅಂದವರು ಹಗಲು ಬೆಳಕಿನ ಫೋಟೋ ತೋರಿಸಿರುತ್ತಾರೆ.

ಶಟರ್‌ಗೆ ಕಿವಿಯೇ ಮೀಟರ್. ಒಂದು ಸೆಕೆಂಡ್‌ಗೆ ಇಟ್ಟು ಕ್ಲಿಕ್ ಮಾಡಿ. ಒಳಗೆ ಜುಯ್ಯ್ ಅಂತ ಒಂದೇ ಸಮನೆ ಗೇರ್ ಓಡಿ, ಟಕ್ ಅಂತ ಮುಚ್ಚಬೇಕು. ನಡುವೆ ಎಳೆದಾಡಿದರೆ, ಕೊನೆಗೆ ಮುಚ್ಚಲು ಹಿಂದೆ ಮುಂದೆ ನೋಡಿದರೆ, ಗ್ರೀಸ್ ಒಣಗಿದೆ. ಸರ್ವಿಸ್‌ನಿಂದ ಸರಿ ಹೋಗುತ್ತದೆ, ಆ ಖರ್ಚು ಬೆಲೆಯಲ್ಲಿ ಕಳೆಯಿರಿ. ಬ್ಯಾಕ್ ತೆರೆದು ಅಂಚಿನ ಸ್ಪಂಜನ್ನು ಉಗುರಿನಿಂದ ಮುಟ್ಟಿ. ಹಳೆಯ ಸ್ಪಂಜು ಬೆಲ್ಲದ ಅಂಟಿನ ಹಾಗೆ ಕೈಗೆ ಬರುತ್ತದೆ. ಅದನ್ನು ಬದಲಾಯಿಸದೆ ಹೊಡೆದರೆ ಫೋಟೋದ ಅಂಚಿಗೆ ಬೆಳಕು ನುಗ್ಗುತ್ತದೆ. ಚಿಕ್ಕ ಕೆಲಸ, ನೀವೇ ಮನೆಯಲ್ಲಿ ಮಾಡಬಹುದು. ಬೆಲ್ಲೋಸ್ ಮಾತ್ರ ಕತ್ತಲೆ ಕೋಣೆಯಲ್ಲಿ ಒಳಗಿನಿಂದ ಟಾರ್ಚ್ ಬಿಟ್ಟು, ಪೂರ್ತಿ ಎಳೆದು ನೋಡಿ. ಮೂಲೆಗಳಲ್ಲಿ ನಕ್ಷತ್ರ ಕಂಡರೆ ತೂತು.

ಈಗ ನಿಮ್ಮ ಅಪ್ಪನ ಯಾಶಿಕಾ-ಡಿ.

ದಯವಿಟ್ಟು ಅದನ್ನು ಹೊರಗೆ ತೆಗೆಯಿರಿ. ಅದು 6x6 ಕ್ಯಾಮೆರಾ, ನೀವು ಕೊಳ್ಳಲು ಹೊರಟ ಅದೇ 120 ಫಿಲ್ಮ್ ಹಾಕುತ್ತದೆ, ರೋಲ್‌ಗೆ 12 ಫೋಟೋ. ಅದರಲ್ಲಿರುವುದು ಕೋಪಲ್ ಲೀಫ್ ಶಟರ್, 1/500ವರೆಗೂ ಫ್ಲಾಶ್ ಸಿಂಕ್. ಬ್ಯಾಟರಿ ಬೇಡ. ಲೆನ್ಸ್ 80 ಎಂಎಂ. ಅದರ ಮೇಲೆ ಯಾಶಿಕೋರ್ ಎಂದು ಬರೆದಿದ್ದರೆ ಮೂರು ಗಾಜಿನದು, ಯಾಶಿನಾನ್ ಎಂದಿದ್ದರೆ ನಾಲ್ಕು ಗಾಜಿನ ಇನ್ನೂ ಒಳ್ಳೆಯದು. ಮೂರು ಗಾಜಿನದು ಪೂರ್ತಿ ತೆರೆದಾಗ ಅಂಚಿನಲ್ಲಿ ಮೆತ್ತಗಿರುತ್ತದೆ. ಆದರೆ ಸ್ಟುಡಿಯೋದಲ್ಲಿ ನೀವು ಹೊಡೆಯುವುದು ಎಫ್ 8, ಎಫ್ 11ರಲ್ಲಿ. ಅಲ್ಲಿ ಅದು ಯಾರಿಗೂ ಕಮ್ಮಿ ಇಲ್ಲ. ನಮ್ಮ ಊರುಗಳ ಎಷ್ಟೋ ಸ್ಟುಡಿಯೋ ಇಂಥ ಎರಡು ಕಣ್ಣಿನ ಕ್ಯಾಮೆರಾದ ಮೇಲೇ ಸಂಸಾರ ನಡೆಸಿದವು. ನಿಮ್ಮ ಮನೆಯೂ ಅದರಿಂದಲೇ ನಡೆದಿರಬೇಕು.

ಅದಕ್ಕೂ ಮಿತಿ ಇದೆ. ಒಂದು ಮೀಟರ್‌ಗಿಂತ ಹತ್ತಿರ ಫೋಕಸ್ ಆಗಲ್ಲ, ಹಾಗಾಗಿ ಬರೀ ಮುಖ ತುಂಬುವ ಫೋಟೋ ಬರಲ್ಲ. ನೋಡುವ ಲೆನ್ಸ್ ಮೇಲೆ, ತೆಗೆಯುವ ಲೆನ್ಸ್ ಕೆಳಗೆ, ಹತ್ತಿರದಲ್ಲಿ ತಲೆ ಕತ್ತರಿಸಿಹೋಗುವ ಸಾಧ್ಯತೆ ಇದೆ. ಲೆನ್ಸ್ ಬದಲಿಸಲಾಗದು. ಆದರೆ ನಾಲ್ಕೈದು ಜನ ಕೂತ ಕುಟುಂಬದ ಚಿತ್ರಕ್ಕೆ, ನಿಮ್ಮ 14 ಅಡಿಗೆ, ಹೇಳಿ ಮಾಡಿಸಿದ ಹಾಗಿದೆ.

ಒಂದು ಎಚ್ಚರಿಕೆ. ಲೆನ್ಸ್ ಪಕ್ಕದಲ್ಲಿ ಎಂ, ಎಕ್ಸ್, ವಿ ಎಂದು ಬರೆದ ಸಣ್ಣ ಕಡ್ಡಿ ಇರುತ್ತದೆ. ಅದು ಎಕ್ಸ್‌ನಲ್ಲೇ ಇರಬೇಕು. ಎಂ ಹಿಂದಿನ ಕಾಲದ ಫ್ಲಾಶ್ ಬಲ್ಬಿಗೆ. ಬಲ್ಬ್ ಉರಿದು ಪೂರ್ತಿ ಬೆಳಗಲು ಸ್ವಲ್ಪ ಹೊತ್ತು ಬೇಕಿತ್ತು, ಅದಕ್ಕೆ ಕ್ಯಾಮೆರಾ ಫ್ಲಾಶ್‌ಗೆ ಮೊದಲು ಸೂಚನೆ ಕೊಟ್ಟು ಆಮೇಲೆ ಶಟರ್ ತೆರೆಯುತ್ತದೆ. ಈಗಿನ ಫ್ಲಾಶ್ ಅಷ್ಟರಲ್ಲಿ ಮಿಂಚಿ ಮುಗಿದಿರುತ್ತದೆ. ಕಣ್ಣಿಗೆ ಎಲ್ಲ ಸರಿ ಕಾಣುತ್ತದೆ, ಫಿಲ್ಮ್ ಮೇಲೆ ಏನೂ ಇಲ್ಲ. ನಾನು ಕೆಲಸ ಕಲಿಯುವಾಗ ಒಂದು ನಿಶ್ಚಿತಾರ್ಥದ ಮೂರು ರೋಲ್ ಹೀಗೇ ಹೋಯಿತು. ಒರೆಸುವಾಗ ಕಡ್ಡಿ ಸರಿದಿತ್ತು. ಆ ಮನೆಯವರಿಗೆ ಹೇಳಲು ಹೋದ ದಿನವನ್ನು ಮರೆತಿಲ್ಲ. ಆರ್‌ಬಿಯ ಲೆನ್ಸ್‌ನಲ್ಲೂ ಈ ಕಡ್ಡಿ ಇದೆ, ನೋಡಿಕೊಳ್ಳಿ. ಯಾಶಿಕಾದಲ್ಲಿ ವಿ ಅಂದರೆ ಸೆಲ್ಫ್ ಟೈಮರ್. ಅಷ್ಟು ಹಳೆಯ ಶಟರ್‌ನಲ್ಲಿ ಅದನ್ನು ಮುಟ್ಟಲೇಬೇಡಿ, ನಡುವೆ ಸಿಕ್ಕಿಕೊಂಡರೆ ಶಟರೇ ನಿಲ್ಲುತ್ತದೆ.

ಸಿಂಕ್ ಸರಿ ಇದೆಯಾ ಅಂತ ಫಿಲ್ಮ್ ಇಲ್ಲದೆ ನೋಡಬಹುದು. ಹಿಂದಿನ ಬಾಗಿಲು ತೆರೆದು, ಅಪರ್ಚರ್ ಪೂರ್ತಿ ತೆಗೆದು, ಬಿಳಿ ಗೋಡೆಯ ಕಡೆ ಹಿಡಿಯಿರಿ. ಲೈಟ್ ಗೋಡೆಗೆ ಬೀಳುವಂತಿಟ್ಟು 1/500ರಲ್ಲಿ ಕ್ಲಿಕ್ ಮಾಡುತ್ತಾ ಹಿಂದಿನಿಂದ ಲೆನ್ಸ್ ಒಳಗೆ ನೋಡಿ. ತುಂಬಿದ ಹುಣ್ಣಿಮೆ ಚಂದ್ರನ ಹಾಗೆ ಬಿಳಿ ವೃತ್ತ ಮಿಂಚಿದರೆ ಸರಿ. ನಕ್ಷತ್ರದಂತೆ ಕಂಡರೆ ಎಲೆಗಳು ಪೂರ್ತಿ ತೆರೆಯುವ ಮೊದಲೇ ಅಥವಾ ಮುಚ್ಚುವಾಗ ಫ್ಲಾಶ್ ಆಗುತ್ತಿದೆ. ಕತ್ತಲೆಯಾದರೆ ಕಡ್ಡಿ ನೋಡಿ.

ಹಾಗಾಗಿ ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಕ್ರಮದಲ್ಲಿ ಹೋಗುತ್ತಿದ್ದೆ. ಮೊದಲು ಯಾಶಿಕಾ ಸರ್ವಿಸ್. ಕಪಾಟಿನಲ್ಲಿದ್ದದ್ದಕ್ಕೆ ಫಂಗಸ್ ಬಹುಶಃ ಇರುತ್ತದೆ, ಆದರೆ ಇಂಥ ಎರಡು ಕಣ್ಣಿನ ಕ್ಯಾಮೆರಾದ ಲೆನ್ಸ್ ಸುಲಭಕ್ಕೆ ಬಿಚ್ಚಿ ಒರೆಸುವಂಥದ್ದು. ಆಮೇಲೆ ಎರಡು ಮೊನೋಲೈಟ್, ರೇಡಿಯೋ ಟ್ರಿಗರ್, ಫ್ಲಾಶ್ ಮೀಟರ್, ಡ್ರೈ ಕ್ಯಾಬಿನೆಟ್. ಪುಣೆಯಿಂದ ಸ್ಟ್ಯಾಂಡ್‌ಗಳು. ಆರು ತಿಂಗಳು ಗಿರಾಕಿಗಳ ಫೋಟೋ ತೆಗೆಯಿರಿ. ರೋಲ್ ಬೆಲೆ, ಡೆವಲಪಿಂಗ್, ಸ್ಕ್ಯಾನಿಂಗ್ ಕೂಡಿಸಿ 12ರಿಂದ ಭಾಗಿಸಿದರೆ ಒಂದು ಕ್ಲಿಕ್ ಎಷ್ಟಕ್ಕೆ ಬೀಳುತ್ತದೆ ಎಂದು ಕೈಗೆ ಲೆಕ್ಕ ಸಿಗುತ್ತದೆ. ಆಗ ಹತ್ತಿರದ ಮುಖಕ್ಕೆ ಯಾಶಿಕಾ ಸಾಲುತ್ತಿಲ್ಲ ಅನ್ನಿಸಿದರೆ ಆರ್‌ಬಿಗೆ ಹೋಗಿ. ಅದಕ್ಕೂ 90ಕ್ಕಿಂತ 127 ಎಂಎಂ ಲೆನ್ಸ್ ಹುಡುಕಿ. ನಿಮ್ಮ ಕೋಣೆಯಲ್ಲಿ ಹತ್ತು ಅಡಿ ದೂರದಿಂದ ಅದು ಐದೂವರೆ ಅಡಿ ಅಗಲ ಹಿಡಿಯುತ್ತದೆ, ಮೂವರಿಗೆ ಸಾಕು, ಮುಖವೂ ಚೆನ್ನಾಗಿ ಬರುತ್ತದೆ. 90 ಆದರೆ ಏಳೂವರೆ ಅಡಿ.

ಈ ದಾರಿಯಲ್ಲಿ ನಷ್ಟ ಏನೆಂದರೆ, ಆ ಮಮಿಯಾ ಅಷ್ಟರಲ್ಲಿ ಬೇರೆಯವರ ಪಾಲಾಗಬಹುದು. ಇನ್ನೊಂದು ಸಿಗುತ್ತದೆ. ಈಗಲೇ ಅದೇ ಬೇಕು ಎಂದು ಮನಸ್ಸು ಹಟ ಮಾಡಿದರೆ, ಟೆಸ್ಟ್ ರೋಲ್‌ಗೆ ಮೂರು ದಿನ ಕೊಡಿ, ಅಡ್ವಾನ್ಸ್ ಇಡುತ್ತೇನೆ ಎಂದು ಕೇಳಿ. ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ಟೆಸ್ಟ್ ರೋಲ್‌ನ 10 ಫ್ರೇಮ್ ಹೀಗೆ ಖರ್ಚು ಮಾಡಿ. ಮೊದಲನೆಯದು ಗೋಡೆಗೆ ಅಂಟಿಸಿದ ದಿನಪತ್ರಿಕೆ, ಪೂರ್ತಿ ತೆರೆದ ಅಪರ್ಚರ್‌ನಲ್ಲಿ. ಎರಡನೆಯದು ಅದೇ, ಎಫ್ 11ರಲ್ಲಿ. ಅಕ್ಷರ ನಾಲ್ಕೂ ಮೂಲೆಯಲ್ಲಿ ಓದಲು ಬರಬೇಕು. ಮುಂದಿನ ನಾಲ್ಕು, ಒಂದೇ ದೃಶ್ಯವನ್ನು ಸ್ಪೀಡ್ ಮತ್ತು ಅಪರ್ಚರ್ ಎರಡನ್ನೂ ಸರಿದೂಗಿಸಿ 1/15, 1/60, 1/125, 1/400ರಲ್ಲಿ. ನಾಲ್ಕೂ ನೆಗೆಟಿವ್ ಒಂದೇ ದಟ್ಟ ಇರಬೇಕು. ಏಳು, ಎಂಟು ಫ್ಲಾಶ್ ಜೊತೆ, 1/60 ಮತ್ತು 1/400. ಒಂಬತ್ತಕ್ಕೆ ಡಾರ್ಕ್ ಸ್ಲೈಡ್ (ಫಿಲ್ಮ್ ಮುಂದೆ ತೂರಿಸುವ ತಗಡು) ಹಾಕಿ ಕ್ಯಾಮೆರಾವನ್ನು ಐದು ನಿಮಿಷ ಬಿಸಿಲಲ್ಲಿಡಿ, ತಿರುಗಿಸಿ ತಿರುಗಿಸಿ ಇಡಿ, ಆಮೇಲೆ ಸ್ಲೈಡ್ ತೆಗೆದು ಹೊಡೆಯಿರಿ. ಬೆಳಕು ಸೋರಿದರೆ ಇಲ್ಲಿ ಸಿಕ್ಕಿಬೀಳುತ್ತದೆ. ಹತ್ತನೆಯದು ಕಪ್ಪು ಬಟ್ಟೆಯ ಮುಂದೆ ಕೂತ ಒಬ್ಬ ಮನುಷ್ಯ, ಹಿಂದಿನಿಂದ ಒಂದು ಲೈಟ್. ಫಂಗಸ್ ಎಷ್ಟು ತಿಂದಿದೆ ಎಂದು ಆ ಕಪ್ಪೇ ಹೇಳುತ್ತದೆ.

ಈ ರೋಲ್ ಕಪ್ಪು ಬಿಳುಪಿನದಾಗಿರಲಿ, ಮನೆಯಲ್ಲೇ ತೊಳೆಯಬಹುದು. ಡೆವಲಪರ್ 20 ಡಿಗ್ರಿ ಇರಬೇಕು, ನಮ್ಮ ನಲ್ಲಿಯ ನೀರು ಮೇ ತಿಂಗಳಲ್ಲಿ 30 ದಾಟುತ್ತದೆ. ಬಕೆಟ್ ನೀರಿನಲ್ಲಿ ಐಸ್ ಬಾಟಲಿ ಇಟ್ಟು, ಅದರೊಳಗೆ ಡೆವಲಪರ್ ಡಬ್ಬಿ ನಿಲ್ಲಿಸಿ, ಥರ್ಮಾಮೀಟರ್ ಹಾಕಿ ಕಾಯಿರಿ. ಇದನ್ನು ನಿಮಗೆ ಅಪ್ಪನೇ ನನಗಿಂತ ಚೆನ್ನಾಗಿ ತೋರಿಸಿಯಾರು. ಕುಂದಾಪುರದ ಸೆಕೆಯಲ್ಲಿ ಅವರು ದಿನಾ ಮಾಡಿದ ಕೆಲಸ ಅದು.